ಕಟ್ಟರ್ ಬ್ಲೇಡ್ ಮೊಂಡಾಯ್ತಾ? ಮುರಿಯುವುದು ಯಾವಾಗ, ಮಸೆಯುವುದು ಯಾವಾಗ

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿರುವುದು ಗೆರೆ ಗೆರೆ ಇರುವ, ತುದಿ ಮುರಿದು ಹೊಸದು ಮಾಡಿಕೊಳ್ಳುವ ಮಾಮೂಲಿ ಕಟ್ಟರ್ ಆದರೆ ಮಸೆಯಲು ಕೂರಬೇಡಿ, ಮುರಿಯಿರಿ. ಎರಡೂ ತುದಿ ಬಳಸುವ ದಪ್ಪ ಬ್ಲೇಡ್ ಆದರೆ ಮೊದಲು ತಿರುಗಿಸಿ ಹಾಕಿ. ಎರಡೂ ತುದಿ ಮೊಂಡಾದ ಮೇಲೆ ಒರಟು ಕೆಲಸಕ್ಕೆ ಒಂದೆರಡು ಸಲ ಮಸೆಯಬಹುದು. ಹ್ಯಾಕ್ಸಾ, ಅಂದರೆ ಕಬ್ಬಿಣ ಕೊಯ್ಯುವ ಗರಗಸದ, ಬ್ಲೇಡಿನಿಂದ ಮಾಡಿಸಿಕೊಂಡ ಚಾಕು ಆದರೆ ಮಸೆಯಲೇಬೇಕು, ಅದನ್ನು ಮಾಡಿಸುವುದೇ ಅದಕ್ಕೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ ಕೆಲಸಕ್ಕೆ ಹೋಗಬಹುದು.

ಆದರೆ ನಮಗೆ ಎಸೆಯಲು ಮನಸ್ಸು ಬರುವುದಿಲ್ಲ ಅಲ್ವಾ? ಮಚ್ಚು, ಕುಡುಗೋಲು, ಈಳಿಗೆ ಮಣೆ, ಅಡಿಕೆ ಸುಲಿಯುವ ಕತ್ತಿ, ಇವೆಲ್ಲ ವರ್ಷಗಟ್ಟಲೆ ಮಸೆದು ಮಸೆದು ಬಳಸಿದ ಮನೆಗಳು ನಮ್ಮವು. ಮೊಂಡಾದರೆ ಕಲ್ಲಿಗೆ ತಿಕ್ಕು ಅನ್ನುವುದು ಕೈಗೇ ಅಭ್ಯಾಸವಾಗಿದೆ. ಆ ಅಭ್ಯಾಸ ಕಟ್ಟರ್ ಬ್ಲೇಡಿಗೆ ಯಾಕೆ ಹೊಂದುವುದಿಲ್ಲ, ಎಲ್ಲಿ ಹೊಂದುತ್ತದೆ, ಹೊಂದುವ ಕಡೆ ಹೇಗೆ ಮಾಡಬೇಕು ಅನ್ನುವುದನ್ನು ಕೆಳಗೆ ಬಿಡಿಸಿ ಹೇಳಿದ್ದೇನೆ.

ಕೈಯಲ್ಲಿ ಯಾವ ಬ್ಲೇಡ್ ಇದೆ?

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸಣ್ಣ ಕಟ್ಟರ್‌ನ ಬ್ಲೇಡ್ 9 ಮಿ.ಮೀ. ಅಗಲ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯ ದೊಡ್ಡದು 18 ಮಿ.ಮೀ. ಇನ್ನೂ ಭಾರಿ ಕೆಲಸಕ್ಕೆ 25 ಮಿ.ಮೀ. ಕೂಡ ಉಂಟು. ದಪ್ಪ ನೋಡಿದರೆ 9 ಮಿ.ಮೀ. ಬ್ಲೇಡ್ ಸುಮಾರು 0.4 ಮಿ.ಮೀ., 18 ಮಿ.ಮೀ. ಬ್ಲೇಡ್ ಸುಮಾರು 0.5 ಮಿ.ಮೀ. ಅಷ್ಟೇ. ಮೈಮೇಲೆ ಓರೆ ಗೆರೆಗಳಿರುತ್ತವೆ. ಒಂದೊಂದು ಗೆರೆಗೂ ಒಂದೊಂದು ಹೊಸ ತುದಿ.

ಈ ಉಪಾಯ ಜಪಾನಿನದು. ಒಸಾಕಾದ ಯೊಶಿಯೊ ಒಕಾಡಾ 1956ರಲ್ಲಿ ಇದನ್ನು ಮಾಡಿದರು. ಅವರಿಗಿದ್ದದ್ದೂ ನಮ್ಮ ತಲೆನೋವೇ: ಕಾಗದ ಕತ್ತರಿಸುವಾಗ ಬ್ಲೇಡಿನ ತುದಿ ಮಾತ್ರ ಮೊಂಡಾಗುತ್ತಿತ್ತು, ಉಳಿದ ಬ್ಲೇಡ್ ಪೂರ್ತಿ ದಂಡ. ಚಪ್ಪಲಿ ಹೊಲಿಯುವವರು ಗಾಜಿನ ಚೂರನ್ನು ಮುರಿದು ಮುರಿದು ಹೊಸ ಅಂಚು ಮಾಡಿಕೊಳ್ಳುತ್ತಿದ್ದದ್ದು, ಚಾಕೊಲೇಟ್ ಪಟ್ಟಿ ಗೆರೆಗೆ ಸರಿಯಾಗಿ ಮುರಿಯುವುದು, ಇವೆರಡೂ ಸೇರಿ ಅವರಿಗೆ ಈ ಯೋಚನೆ ಬಂತು. ಅವರ ಕಂಪನಿಯೇ ಓಲ್ಫಾ. ಈಗ ಯಾವ ಕಂಪನಿಯ ಕಟ್ಟರ್ ಕೊಂಡರೂ ಅಗಲ ಹೆಚ್ಚುಕಮ್ಮಿ 9 ಅಥವಾ 18 ಇರುವುದಕ್ಕೆ ಆ ಅಳತೆಗಳೇ ಮೂಲ. ನಮಗೆ ಇದರಿಂದ ಒಂದು ಲಾಭ ಇದೆ. ಹಿಡಿ ಒಂದು ಕಂಪನಿಯದು, ಬ್ಲೇಡ್ ಇನ್ನೊಂದು ಕಂಪನಿಯದು ಆದರೂ ಸಾಮಾನ್ಯವಾಗಿ ಕೂರುತ್ತದೆ.

ಎರಡನೆಯ ಜಾತಿ, ಗೆರೆ ಇಲ್ಲದ ದಪ್ಪ ಬ್ಲೇಡ್. ಒಂದು ಬದಿ ಉದ್ದ, ಎದುರು ಬದಿ ಗಿಡ್ಡ, ಎರಡೂ ಕೊನೆ ಓರೆ. ಸುಮಾರು 6 ಸೆಂ.ಮೀ. ಉದ್ದ, 19 ಮಿ.ಮೀ. ಅಗಲ, ದಪ್ಪ 0.6 ಮಿ.ಮೀ. ಆಸುಪಾಸು. ಲೋಹದ ಹಿಡಿಯೊಳಗೆ ಸ್ಕ್ರೂ ಬಿಚ್ಚಿ ಹಾಕುವಂಥದ್ದು. ಫಾಲ್ಸ್ ಸೀಲಿಂಗ್ ಮಾಡುವವರು, ಕಾರ್ಪೆಟ್ ಹಾಕುವವರು, ಗೋಡೌನಿನವರು ಇದನ್ನು ಇಟ್ಟುಕೊಳ್ಳುತ್ತಾರೆ. ಅಮೆರಿಕ, ಇಂಗ್ಲೆಂಡ್ ಕಡೆ ಮನೆಮನೆಯಲ್ಲೂ ಇರುವುದು ಇದೇ. ನಮ್ಮಲ್ಲಿ ಗೆರೆ ಬ್ಲೇಡಿನದೇ ರಾಜ್ಯ.

ಮೂರನೆಯದು ಅಂಗಡಿಯಲ್ಲಿ ಸಿಗುವುದಲ್ಲ, ಮಾಡಿಸಿಕೊಳ್ಳುವುದು. ಹಳೆಯ ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರಿಗೆ ಹಿಡಿದು ಮೂತಿ ಮಾಡಿ, ಹಿಡಿಯುವ ಕಡೆ ಬಟ್ಟೆಯೋ ಸೈಕಲ್ ಟ್ಯೂಬೋ ಸುತ್ತಿದ ಚಾಕು. ಬಡಗಿಗಳು ಸನ್ಮೈಕಾ ಗೀರುವುದಕ್ಕೆ ಇಂಥದ್ದೊಂದು ಇಟ್ಟುಕೊಂಡಿರುವುದನ್ನು ನೀವೂ ನೋಡಿರುತ್ತೀರಿ.

ನಿಜವಾಗಿ ಮೊಂಡಾಗಿದೆಯಾ, ಅಂಟು ಹಿಡಿದಿದೆಯಾ?

ಮುರಿಯುವ ಮುಂಚೆ, ಮಸೆಯುವ ಮುಂಚೆ, ಇದನ್ನೊಂದು ನೋಡಿ. ಪಾರ್ಸೆಲ್ ಬಿಚ್ಚುವ ಬ್ಲೇಡ್ ಹೆಚ್ಚಾಗಿ ಸೋಲುವುದು ಮೊಂಡಾಗಿ ಅಲ್ಲ, ಟೇಪಿನ ಅಂಟು ಮೆತ್ತಿಕೊಂಡು. ಅಂಟು ಕೂತ ಬ್ಲೇಡ್ ರಟ್ಟಿನೊಳಗೆ ಎಳೆದಾಡುತ್ತದೆ, ನಾವು ಮೊಂಡು ಅಂದುಕೊಂಡು ಎಸೆಯುತ್ತೇವೆ.

ಹಳೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಥಿನ್ನರ್ ಹಾಕಿ. ಎರಡೂ ಇಲ್ಲದಿದ್ದರೆ ನೀಲಗಿರಿ ಎಣ್ಣೆ ನಡೆಯುತ್ತದೆ, ಕೊಬ್ಬರಿ ಎಣ್ಣೆಯೂ ನಿಧಾನವಾಗಿ ಬಿಡಿಸುತ್ತದೆ. ಬ್ಲೇಡನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಒರೆಸಿ. ಅಂಚಿನ ಉದ್ದಕ್ಕೂ ಒರೆಸಬೇಡಿ, ಬಟ್ಟೆಯ ಜೊತೆ ಬೆರಳೂ ಹೋಗುತ್ತದೆ. ಥಿನ್ನರ್ ಹಿಡಿದಾಗ ಒಲೆ, ದೀಪ, ಬೀಡಿ ಹತ್ತಿರ ಇರಬಾರದು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಒರೆಸಿದ ಮೇಲೆ ಎರಡು ಪರೀಕ್ಷೆ. ಮೊದಲನೆಯದು ಬೆಳಕಿನದು. ಬಲ್ಬಿನ ಕೆಳಗೆ ಅಂಚನ್ನು ಮೇಲಕ್ಕೆ ಮಾಡಿ ಹಿಡಿದು ನೇರವಾಗಿ ಅಂಚಿನ ಮೇಲೆ ನೋಡಿ. ಹರಿತವಾದ ಅಂಚು ಕಣ್ಣಿಗೆ ಕಾಣುವುದೇ ಇಲ್ಲ, ಬೆಳಕು ನಿಲ್ಲಲು ಅಲ್ಲಿ ಜಾಗ ಇರುವುದಿಲ್ಲ. ಬಿಳಿ ಗೆರೆ ಮಿಂಚಿದರೆ ಆ ಜಾಗ ಸವೆದು ಚಪ್ಪಟೆಯಾಗಿದೆ. ಚುಕ್ಕಿ ಚುಕ್ಕಿ ಮಿಂಚಿದರೆ ಅಲ್ಲಲ್ಲಿ ಮುಕ್ಕಾಗಿದೆ. ಎರಡನೆಯದು ಕಾಗದದ್ದು. ದಿನಪತ್ರಿಕೆಯ ಹಾಳೆಯನ್ನು ಒಂದು ಕೈಯಲ್ಲಿ ಇಳಿಬಿಟ್ಟು ಅಂಚಿನಿಂದ ಕೆಳಗೆ ಎಳೆಯಿರಿ. ಸದ್ದಿಲ್ಲದೆ ಸೀಳಿದರೆ ಬ್ಲೇಡ್ ಚೆನ್ನಾಗಿದೆ. ಹರಿದರೆ, ತಡೆದು ತಡೆದು ಹೋದರೆ, ಅದರ ಕಾಲ ಮುಗಿದಿದೆ. ಹೆಬ್ಬೆರಳಿನಲ್ಲಿ ಸವರಿ ನೋಡುವ ಅಭ್ಯಾಸ ಬೇಡವೇ ಬೇಡ.

ರಟ್ಟಿಗೇ ಉಕ್ಕು ಸವೆಯುತ್ತದಾ?

ಸವೆಯುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಕ್ಷೌರದ ಬ್ಲೇಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಇಟ್ಟು, ಅದು ಕೂದಲು ಕತ್ತರಿಸುವಾಗ ಏನಾಗುತ್ತದೆ ಎಂದು ನೋಡಿದರು. ಕೂದಲು ಆ ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಅಂಚಿನಿಂದ ಸಣ್ಣ ಸಣ್ಣ ಚಕ್ಕೆ ಏಳುತ್ತಿದ್ದವು. ಅದರಲ್ಲೂ ಕೂದಲು ಬಾಗಿ ಬ್ಲೇಡಿಗೆ ಓರೆಯಾಗಿ ಸಿಕ್ಕಾಗ ಜಾಸ್ತಿ. ಅಂದರೆ ಅಂಚು ಬರೀ ಉಜ್ಜಿ ಉಜ್ಜಿ ಸವೆಯುವುದಿಲ್ಲ, ಪಕ್ಕಕ್ಕೆ ಒತ್ತಡ ಬಿದ್ದಾಗ ಮುಕ್ಕಾಗುತ್ತದೆ. ಕಟ್ಟರ್ ಹಿಡಿಯುವವರಿಗೆ ಇದರಲ್ಲಿ ಒಂದು ಪಾಠ ಇದೆ. ಬ್ಲೇಡನ್ನು ನೇರವಾಗಿ ಎಳೆಯಿರಿ, ಮಧ್ಯದಲ್ಲಿ ತಿರುಚಬೇಡಿ. ಟೇಪ್ ಎಬ್ಬಿಸಲು, ಡಬ್ಬದ ಮುಚ್ಚಳ ಮೀಟಲು ಕಟ್ಟರ್ ತುದಿ ಬಳಸುವವರ ಬ್ಲೇಡ್ ಬೇಗ ಹೋಗುವುದಕ್ಕೆ ಇದೇ ಕಾರಣ.

ರಟ್ಟು ಕೂದಲಿಗಿಂತ ಕಷ್ಟದ್ದು. ಹಳೆಯ ಕಾಗದ ನೆನೆಸಿ ಮತ್ತೆ ಮಾಡಿದ ರಟ್ಟಿನಲ್ಲಿ ಧೂಳು, ಮರಳಿನ ಕಣ ಉಳಿದುಕೊಂಡಿರುತ್ತವೆ. ನುಣುಪಾದ ಕಾಗದದಲ್ಲಿ ಜೇಡಿ, ಸುಣ್ಣದ ಪುಡಿ ಸೇರಿಸಿರುತ್ತಾರೆ. ಜಿಪ್ಸಮ್ ಬೋರ್ಡ್, ಸನ್ಮೈಕಾ, ಫೈಬರ್ ಹಾಳೆ ಇವು ಬ್ಲೇಡಿಗೆ ಶತ್ರುಗಳೇ. ಇವೆಲ್ಲಕ್ಕಿಂತ ದೊಡ್ಡ ಶತ್ರು ಕತ್ತರಿಸುವ ವಸ್ತುವಿನ ಕೆಳಗೆ ಇರುತ್ತದೆ. ಗ್ರಾನೈಟ್ ಕಟ್ಟೆಯ ಮೇಲೋ ಟೈಲ್ಸ್ ನೆಲದ ಮೇಲೋ ಕಾಗದ ಇಟ್ಟು ಎಳೆದರೆ ಒಂದೇ ಎಳೆತಕ್ಕೆ ಹೊಸ ತುದಿ ಹೋಯಿತು. ಕಟಿಂಗ್ ಮ್ಯಾಟ್ ಇಲ್ಲದಿದ್ದರೆ ಪರವಾಗಿಲ್ಲ, ಕೆಳಗೆ ಹಳೆಯ ರಟ್ಟಿನ ಎರಡು ಪದರ ಹಾಕಿ. ಬ್ಲೇಡ್ ಖರ್ಚು ಕಮ್ಮಿ ಮಾಡಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ.

ಗೆರೆ ಬ್ಲೇಡ್ ಮಸೆಯುವುದು ಯಾಕೆ ದಂಡ

ಕಟ್ಟರ್‌ನಲ್ಲಿ ನಾವು ಬಳಸುವುದು ಅಂಚನ್ನು ಅಂತ ಅನ್ನಿಸುತ್ತದೆ. ನಿಜಕ್ಕೂ ಕೆಲಸ ಮಾಡುವುದು ತುದಿ. ಸ್ಕೇಲ್ ಇಟ್ಟು ಹಾಳೆ ಕತ್ತರಿಸುವಾಗ ಮೊನೆಯ ಹತ್ತಿರದ ಒಂದೆರಡು ಮಿಲಿಮೀಟರ್ ಅಷ್ಟೇ ಒಳಗೆ ಇಳಿಯುವುದು. ಮೊದಲು ದುಂಡಗಾಗುವುದೂ ಅದೇ. ಕಲ್ಲಿಗೆ ತಿಕ್ಕಿದರೆ ಅಂಚು ಹರಿತವಾಗಬಹುದು, ಆದರೆ ದುಂಡಗಾದ ಮೊನೆ ವಾಪಸ್ ಬರುವುದಿಲ್ಲ. ಕೈ ಸ್ವಲ್ಪ ಓಲಾಡಿದರೆ ಮೊನೆ ಇನ್ನೂ ದುಂಡಗಾಗುತ್ತದೆ. ಮೊನೆ ಸರಿಮಾಡಬೇಕಾದರೆ ಇಡೀ ಅಂಚನ್ನೇ ಅಷ್ಟು ಹಿಂದಕ್ಕೆ ಸವೆಸಬೇಕು. 9 ಮಿ.ಮೀ. ಬ್ಲೇಡಿನಲ್ಲಿ ಹಾಗೆ ಸವೆಸಲು ಇರುವುದಾದರೂ ಎಷ್ಟು?

ಇನ್ನೊಂದು ತೊಂದರೆ, ಬ್ಲೇಡ್ ಬಳುಕುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡನ್ನು ಕಲ್ಲಿನ ಮೇಲೆ ಒಂದೇ ಕೋನದಲ್ಲಿ ಹಿಡಿದು ಎಳೆಯುವುದು ಕಷ್ಟ. ಸ್ವಲ್ಪ ಒತ್ತಿದರೆ ಗೆರೆಯಲ್ಲಿ ಮುರಿಯುತ್ತದೆ. ಮುರಿಯಲೆಂದೇ ಮಾಡಿದ್ದು ಅದು, ತಪ್ಪು ಅದರದ್ದಲ್ಲ.

ಲೆಕ್ಕವನ್ನೂ ನೋಡಿಬಿಡಿ. 18 ಮಿ.ಮೀ. ಬ್ಲೇಡ್ ಒಂದರಲ್ಲಿ ಸಾಮಾನ್ಯವಾಗಿ 8 ತುಂಡು ಇರುತ್ತವೆ. ಪ್ಯಾಕೆಟ್‌ನಲ್ಲಿ 10 ಬ್ಲೇಡ್ ಇದ್ದರೆ 80 ತುದಿ. ಪ್ಯಾಕೆಟ್ಟಿಗೆ 80 ರೂಪಾಯಿ ಕೊಟ್ಟಿರಿ ಅಂತಿಟ್ಟುಕೊಳ್ಳಿ, ತುದಿಗೆ ಒಂದು ರೂಪಾಯಿ. ಒಳ್ಳೆಯ ಕಂಪನಿಯದು ಅಂತ ಅದರ ಎರಡರಷ್ಟು ಕೊಟ್ಟರೂ ತುದಿಗೆ ಎರಡೇ ರೂಪಾಯಿ. ಕಲ್ಲು ನೆನೆಸಿ, ಕೂತು, ಹತ್ತು ನಿಮಿಷ ತಿಕ್ಕಿ ಉಳಿಸುವುದು ಇಷ್ಟು. ಹಾಗಾಗಿ ಉಳಿತಾಯ ಮಾಡಬೇಕು ಅನ್ನುವವರಿಗೆ ನನ್ನ ಸಲಹೆ ಬೇರೆ: ತೀರಾ ಅಗ್ಗದ ಬ್ಲೇಡ್ ಕೊಳ್ಳಬೇಡಿ. ಉಕ್ಕು ಚೆನ್ನಾಗಿಲ್ಲದ ಬ್ಲೇಡ್ ಬೇಗ ಮೊಂಡಾಗುತ್ತದೆ, ಮುರಿಯುವಾಗ ಗೆರೆ ಬಿಟ್ಟು ಎಲ್ಲೋ ಮುರಿಯುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟರೂ ಕೊನೆಗೆ ಒಳ್ಳೆಯದೇ ಅಗ್ಗ.

ಮುರಿಯುವುದು ಹೀಗೆ

ಇದನ್ನು ಎಲ್ಲರೂ ಗೊತ್ತು ಅಂದುಕೊಂಡು ಮಾಡುತ್ತಾರೆ. ಮೇಜಿನ ಅಂಚಿಗೆ ಒತ್ತಿ ಟಕ್ ಅನ್ನಿಸುತ್ತಾರೆ, ತುಂಡು ಎಲ್ಲಿಗೆ ಹಾರಿತು ಅಂತ ಆಮೇಲೆ ಹುಡುಕುತ್ತಾರೆ. ಕಣ್ಣಿಗೆ ಹಾರಿದರೆ ಹುಡುಕುವ ಕೆಲಸ ಡಾಕ್ಟರದ್ದು.

1. ಕನ್ನಡಕ ಇದ್ದರೆ ಹಾಕಿಕೊಳ್ಳಿ. ಮಕ್ಕಳನ್ನು ಆಚೆ ಕಳಿಸಿ.

2. ಬ್ಲೇಡನ್ನು ಮುಂದೆ ತಳ್ಳಿ. ಮೊಂಡಾದ ಒಂದು ತುಂಡು ಮಾತ್ರ ಪೂರ್ತಿ ಹೊರಗೆ ಬರಲಿ, ಮುರಿಯಬೇಕಾದ ಗೆರೆ ಹಿಡಿಯ ಬಾಯಿಗೆ ಸ್ವಲ್ಪವೇ ಮುಂದೆ ಇರಲಿ. ಲಾಕ್ ಇದ್ದರೆ ಹಾಕಿ.

3. ಗೆರೆ ಕೊರೆದ ಮುಖ ಯಾವುದು ನೋಡಿ. ಆ ಮುಖ ಮೇಲಕ್ಕೆ ಬರಲಿ.

4. ಇಕ್ಕಳದಲ್ಲಿ ತುಂಡನ್ನು ಗಟ್ಟಿಯಾಗಿ ಹಿಡಿಯಿರಿ. ಕೆಲವು ಕಟ್ಟರ್‌ಗಳ ಹಿಂಬದಿಯ ಮುಚ್ಚಳ ತೆಗೆದರೆ ಅದರಲ್ಲಿ ಸೀಳು ಇರುತ್ತದೆ. ಅದು ಇರುವುದೇ ಇದಕ್ಕೆ. ತುಂಡನ್ನು ಸೀಳಿನೊಳಗೆ ಸೇರಿಸಿ.

5. ಮೇಲೆ ಒಂದು ಬಟ್ಟೆ ಹಾಕಿ, ತುದಿಯನ್ನು ಕೆಳಕ್ಕೆ ಬಗ್ಗಿಸಿ. ಗೆರೆ ಬಾಯಿ ಬಿಟ್ಟುಕೊಂಡು ಸುಲಭವಾಗಿ ಮುರಿಯುತ್ತದೆ. ಉಲ್ಟಾ ಬಗ್ಗಿಸಿದರೆ ಜಾಸ್ತಿ ಬಲ ಬೇಕು, ಬ್ಲೇಡ್ ಬಾಗಿ ಎರಡು ಮೂರು ತುಂಡು ಒಟ್ಟಿಗೆ ಹಾರುವುದೂ ಉಂಟು.

6. ಮುರಿದ ತುಂಡು ನೇರ ಡಬ್ಬಕ್ಕೆ. ಮೇಜಿನ ಮೇಲೆ ಒಂದು ಕ್ಷಣವೂ ಬೇಡ.

ಕೊನೆಯ ತುಂಡಿನ ತನಕ ಬಳಸಲು ಹೋಗಬೇಡಿ. ಒಂದೆರಡು ತುಂಡು ಉಳಿದಾಗ ಹಿಡಿಯೊಳಗೆ ಬ್ಲೇಡಿಗೆ ಹಿಡಿತ ಸಾಲದು, ಕತ್ತರಿಸುವಾಗ ಅಲ್ಲಾಡುತ್ತದೆ.

ಎಷ್ಟು ಸಲಕ್ಕೊಮ್ಮೆ ಮುರಿಯಬೇಕು ಅಂದರೆ, ಕೆಲಸ ನೋಡಿ ಹೇಳಬೇಕು. ವಾಲ್‌ಪೇಪರ್ ಅಂಟಿಸುವವರು ಪ್ರತಿ ಪಟ್ಟಿಗೂ ಹೊಸ ತುದಿ ಮಾಡಿಕೊಳ್ಳುವುದು ಸರಿಯೇ, ಒದ್ದೆ ಕಾಗದ ಸ್ವಲ್ಪ ಮೊಂಡಿಗೂ ಹರಿದುಬಿಡುತ್ತದೆ. ಫೋಟೊ ಮೌಂಟ್, ಬುಕ್ ಬೈಂಡಿಂಗ್ ರಟ್ಟು, ವಿನೈಲ್ ಸ್ಟಿಕ್ಕರ್ ಇವುಗಳಲ್ಲೂ ಜಿಪುಣತನ ಬೇಡ. ಒಂದು ರೂಪಾಯಿ ತುದಿ ಉಳಿಸಲು ಹೋಗಿ ನೂರು ರೂಪಾಯಿ ಹಾಳೆ ಕೆಡುತ್ತದೆ. ಪಾರ್ಸೆಲ್ ಬಿಚ್ಚುವುದು, ಸಿಮೆಂಟ್ ಚೀಲ ಸೀಳುವುದು, ಥರ್ಮೋಕೋಲ್ ತುಂಡು ಮಾಡುವುದು ಬೇರೆ ವಿಷಯ. ಅಷ್ಟೇನೂ ಚೆಂದ ಬೇಕಿಲ್ಲದ ಕಡೆ ಕಾಗದ ಪರೀಕ್ಷೆಯಲ್ಲಿ ಸೋತ ತುದಿಯನ್ನೂ ಸ್ವಲ್ಪ ದಿನ ಓಡಿಸಬಹುದು. ಆದರೆ ಒತ್ತಿ ಒತ್ತಿ ಕತ್ತರಿಸಬೇಕಾದ ಹಂತ ಬಂದರೆ ಸಾಕು ಮಾಡಿ. ಕೈ ಕೊಯ್ದುಕೊಳ್ಳುವುದು ಹೆಚ್ಚಾಗಿ ಮೊಂಡು ಬ್ಲೇಡಿನಲ್ಲಿ. ಬಲ ಜಾಸ್ತಿ ಹಾಕುತ್ತೇವೆ, ಅದು ಜಾರುತ್ತದೆ.

ಮಸೆಯಬಹುದಾದದ್ದನ್ನು ಮಸೆಯುವುದು ಹೀಗೆ

ಇದು ಆ ದಪ್ಪ ಬ್ಲೇಡಿಗೆ. ಊರಿನಲ್ಲಿ ಆ ಬ್ಲೇಡ್ ಸಿಗದೆ ಪೇಟೆಗೆ ಹೋಗಬೇಕಾಗಿದ್ದರೆ, ಅಥವಾ ಕೆಲಸದ ಮಧ್ಯೆ ಎರಡೂ ತುದಿ ಮೊಂಡಾಗಿದ್ದರೆ, ಮಸೆದು ಆ ದಿನದ ಕೆಲಸ ಮುಗಿಸಬಹುದು. ಹೊಸ ಬ್ಲೇಡಿನಷ್ಟು ಬರುತ್ತದೆ ಅಂತ ನಾನು ಹೇಳುವುದಿಲ್ಲ. ರಟ್ಟು, ಹಗ್ಗ, ರಬ್ಬರ್ ಪೈಪ್, ಡ್ರಿಪ್ ಪೈಪ್, ಗೋಣಿ ಇಂಥದ್ದಕ್ಕೆ ಸಾಕು.

ಬೇಕಾದದ್ದು: ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಬದಿ ಒರಟು ಇನ್ನೊಂದು ಬದಿ ನಯ ಇರುವ ಮಸೆಗಲ್ಲು. ಇಲ್ಲದಿದ್ದರೆ ಕಾರಿನ ಪೇಂಟ್ ಕೆಲಸದವರು ಬಳಸುವ ವಾಟರ್ ಪೇಪರ್, 1000 ಮತ್ತು 2000 ನಂಬರಿನದು ಒಂದೊಂದು ಹಾಳೆ, ಮತ್ತು ಅದನ್ನು ಹಾಸಲು ಒಂದು ಗಾಜಿನ ತುಂಡು ಅಥವಾ ನುಣುಪು ಟೈಲ್ಸ್. ಒಂದು ಮಾರ್ಕರ್ ಪೆನ್. ಒಂದು ಹಳೆಯ ಚರ್ಮದ ಬೆಲ್ಟ್. ಹೊಲಿಗೆ ಮಿಷನ್ ಎಣ್ಣೆ.

ಮೊದಲು ಅಂಟು ತೆಗೆಯಿರಿ. ಅಂಟು ಹೋಗದೆ ಮಸೆದರೆ ಕಲ್ಲೇ ಕೆಡುತ್ತದೆ.

ಬರೀ ಬ್ಲೇಡನ್ನು ಬೆರಳಲ್ಲಿ ಹಿಡಿದು ಮಸೆಯಬೇಡಿ. ಚಾಕುವಿನ ಹಿಡಿಯಲ್ಲೇ ಪೂರ್ತಿ ಹೊರಕ್ಕೆ ತಂದು ಲಾಕ್ ಮಾಡಿ. ಹಿಡಿ ದಪ್ಪವಾಗಿದ್ದು ಕಲ್ಲಿಗೆ ತಾಗಿದರೆ ಮೇಜಿನ ಕೊನೆಯಲ್ಲಿ ಕಲ್ಲಿಟ್ಟು, ಹಿಡಿ ಮೇಜಿನಾಚೆ ಗಾಳಿಯಲ್ಲಿರುವ ಹಾಗೆ ಹಿಡಿಯಿರಿ.

ಈಗ ಮಾರ್ಕರ್. ಅಂಚಿನ ಪಕ್ಕದಲ್ಲಿ ಎರಡೂ ಬದಿಗೆ ಹೊಳೆಯುವ ಸಣ್ಣ ಇಳಿಜಾರು ಇರುತ್ತದೆ. ಅದರ ಮೇಲೆ ಬಣ್ಣ ಬಳಿಯಿರಿ. ಕಲ್ಲನ್ನು ಒದ್ದೆ ಮಾಡಿ, ನಯವಾದ ಬದಿ ಮೇಲಿರಲಿ. ಬ್ಲೇಡನ್ನು ಮಲಗಿಸಿ, ಬೆನ್ನಿನ ಕಡೆಯನ್ನು ಸುಮಾರು 4 ಮಿ.ಮೀ. ಎತ್ತಿ. 19 ಮಿ.ಮೀ. ಅಗಲದ ಬ್ಲೇಡಿಗೆ ಅದು 12 ಡಿಗ್ರಿ ಆಗುತ್ತದೆ. ಒಂದು ಸಲ ಮೆಲ್ಲಗೆ ಎಳೆದು ನೋಡಿ. ಬಣ್ಣ ಇಳಿಜಾರಿನ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಕೋನ ಕಮ್ಮಿಯಾಯಿತು, ಸ್ವಲ್ಪ ಎತ್ತಿ. ಅಂಚಿನಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿಯಾಯಿತು, ಇಳಿಸಿ. ಇಳಿಜಾರಿನ ಪೂರ್ತಿ ಬಣ್ಣ ಹೋದರೆ ಅದೇ ಸರಿಯಾದ ಕೋನ. ಕಂಪನಿ ಕಂಪನಿಗೆ ಕೋನ ಬೇರೆ ಇರುವುದರಿಂದ ಡಿಗ್ರಿ ಲೆಕ್ಕಕ್ಕಿಂತ ಈ ಬಣ್ಣವನ್ನೇ ನಂಬಿ.

ಕೋನ ಸಿಕ್ಕ ಮೇಲೆ ಒಂದು ಬದಿಗೆ ಏಳೆಂಟು ಎಳೆತ, ಹಗುರವಾಗಿ. ಒತ್ತಿದರೆ ಬೇಗ ಆಗುತ್ತದೆ ಅನ್ನುವುದು ಸುಳ್ಳು, ತೆಳು ಅಂಚು ಮಡಚಿಕೊಳ್ಳುತ್ತದೆ ಅಷ್ಟೇ. ಕಲ್ಲಿನ ಮೇಲೆ ಅಂಚು ಮುಂದಿಟ್ಟು ತಳ್ಳಬಹುದು. ವಾಟರ್ ಪೇಪರ್ ಆದರೆ ಬೆನ್ನು ಮುಂದೆ, ಅಂಚು ಹಿಂದೆ ಬರುವಂತೆ ಎಳೆಯಿರಿ, ಇಲ್ಲದಿದ್ದರೆ ಪೇಪರ್ ಸೀಳುತ್ತದೆ. ಎಳೆಯುತ್ತಾ ಎಳೆಯುತ್ತಾ ಅಂಚಿನ ಆಚೆ ಬದಿಗೆ ಕೂದಲೆಳೆಯಷ್ಟು ಉಕ್ಕು ಮಡಚಿ ಏಳುತ್ತದೆ. ಲೇತ್ ಕೆಲಸದವರು ಇದನ್ನು ಬರ್ ಅನ್ನುತ್ತಾರೆ. ಬೆರಳಿನ ಬದಲು ಸ್ವಲ್ಪ ಹತ್ತಿಯನ್ನು ಬೆನ್ನಿನಿಂದ ಅಂಚಿನ ಕಡೆಗೆ ಸವರಿ. ಹತ್ತಿ ಸಿಕ್ಕಿಕೊಂಡರೆ ಬರ್ ಎದ್ದಿದೆ ಅಂತ. ಅಂಚಿನ ಉದ್ದಕ್ಕೂ ಎದ್ದಿದ್ದರೆ ಈ ಬದಿ ಮುಗಿಯಿತು, ಇನ್ನೊಂದು ಬದಿ ಶುರು ಮಾಡಿ. ಅಲ್ಲೂ ಅಷ್ಟೇ.

ಆಮೇಲೆ 2000ದ ಪೇಪರಿನಲ್ಲಿ, ಪೇಪರ್ ಇಲ್ಲದಿದ್ದರೆ ಕಲ್ಲಿನ ಅದೇ ನಯ ಬದಿಯಲ್ಲಿ, ಒಂದು ಈ ಕಡೆ, ಒಂದು ಆ ಕಡೆ ಹೀಗೆ ಸರದಿಯಲ್ಲಿ ಆರೇಳು ಸಲ. ಕೊನೆಗೆ ಬೆಲ್ಟಿನ ಒಳಮುಖದ ಮೇಲೆ ಬೆನ್ನು ಮುಂದೆ ಮಾಡಿ ಹತ್ತಿಪ್ಪತ್ತು ಎಳೆತ. ಹಿಂದೆ ಕ್ಷೌರದ ಅಂಗಡಿಗಳಲ್ಲಿ ಚರ್ಮದ ಪಟ್ಟಿಗೆ ಕತ್ತಿ ಉಜ್ಜುತ್ತಿದ್ದದ್ದು ಇದನ್ನೇ ಮಾಡಲು: ಮಡಚಿದ ಅಂಚನ್ನು ನೆಟ್ಟಗೆ ಮಾಡಲು, ಉಳಿದ ಬರ್ ಬೀಳಿಸಲು. ಈಗ ಅಲ್ಲೂ ಮುರಿದ ಅರ್ಧ ಬ್ಲೇಡ್ ಬಂದಿದೆ, ಪಟ್ಟಿ ಮಾಯವಾಗಿದೆ.

ಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ. ಕಾಗದ ಪರೀಕ್ಷೆ ಮತ್ತೊಮ್ಮೆ. ಎರಡನೆಯ ಸಲವೂ ಮಸೆದು ಕಾಗದ ಸೀಳದಿದ್ದರೆ ಆ ಬ್ಲೇಡ್ ಬಿಟ್ಟುಬಿಡಿ. ಅಂಚಿನಲ್ಲಿ ಕಣ್ಣಿಗೆ ಕಾಣುವ ಮುಕ್ಕು ಇದ್ದರೆ ಮಸೆಯಲು ಶುರುವೇ ಮಾಡಬೇಡಿ.

ಕೊಕ್ಕೆ ಆಕಾರದ ಬ್ಲೇಡಿಗೆ ಚಪ್ಪಟೆ ಕಲ್ಲು ಆಗುವುದಿಲ್ಲ. ಪೆನ್ನಿನ ರೀಫಿಲ್ಲಿಗೋ ಸಣ್ಣ ಕೋಲಿಗೋ ವಾಟರ್ ಪೇಪರ್ ಸುತ್ತಿ ಒಳಗಿನಿಂದ ತಿಕ್ಕಬೇಕು. ಸೆರಾಮಿಕ್ ಬ್ಲೇಡ್ ಮಾಮೂಲಿ ಕಲ್ಲಿಗೆ ಜಗ್ಗುವುದಿಲ್ಲ, ಅದಕ್ಕೆ ವಜ್ರದ ಪುಡಿ ಕೂರಿಸಿದ ಕಲ್ಲು ಬೇಕು. ಅದನ್ನು ಕೊಳ್ಳುವ ದುಡ್ಡಿಗೆ ಬ್ಲೇಡೇ ಬರುತ್ತದೆ.

ಗ್ರೈಂಡರಿಗೆ ಹಿಡಿಯಬೇಡಿ, ಹ್ಯಾಕ್ಸಾ ಚಾಕು ಬಿಟ್ಟು

ಬೀದಿಯಲ್ಲಿ ಸಾಣೆ ಹಿಡಿಯುವವರು ಬಂದಾಗ ಮಚ್ಚು, ಈಳಿಗೆ, ಕತ್ತರಿ ಕೊಡಿ. ಕಟ್ಟರ್ ಬ್ಲೇಡ್ ಕೊಡಬೇಡಿ, ಅವರೂ ತೆಗೆದುಕೊಳ್ಳಲಿಕ್ಕಿಲ್ಲ. ವೆಲ್ಡಿಂಗ್ ಅಂಗಡಿಯ ಗ್ರೈಂಡರ್ ಕೂಡ ಬೇಡ. ಕಾರಣ ಬಿಸಿ. ಕಟ್ಟರ್ ಬ್ಲೇಡ್ ಹೆಚ್ಚಾಗಿ ಇಂಗಾಲ ಜಾಸ್ತಿ ಇರುವ ಉಕ್ಕಿನದು. ಕಾಯಿಸಿ, ಥಟ್ಟನೆ ತಣಿಸಿ ಅದಕ್ಕೆ ಗಟ್ಟಿತನ ತಂದಿರುತ್ತಾರೆ. ಈ ಉಕ್ಕು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ. ನೀಲಿ ಕಂಡಿತು ಅಂದರೆ ಆ ಜಾಗದ ಗಟ್ಟಿತನ ಇಳಿದಿದೆ. ಆಮೇಲೆ ನೀರಲ್ಲಿ ಅದ್ದಿದರೂ ವಾಪಸ್ ಬರುವುದಿಲ್ಲ. ತೆಳು ಅಂಚಿಗೆ ಆ ಬಿಸಿ ಏರಲು ಗ್ರೈಂಡರಿನ ಮೇಲೆ ಒಂದೆರಡು ಸೆಕೆಂಡ್ ಸಾಕು. ನೋಡಲು ಹರಿತ, ನಾಲ್ಕು ಎಳೆತಕ್ಕೆ ಮೊಂಡು.

ಹ್ಯಾಕ್ಸಾ ಬ್ಲೇಡಿನ ಚಾಕು ಇದಕ್ಕೆ ತಡೆಯುತ್ತದೆ. ಅದರಲ್ಲೂ ವರ್ಕ್‌ಶಾಪಿನ ಪವರ್ ಹ್ಯಾಕ್ಸಾದ ದಪ್ಪ ಬ್ಲೇಡ್. ಅದು ಹೈಸ್ಪೀಡ್ ಸ್ಟೀಲಿನದ್ದಾಗಿದ್ದರೆ 500 ಡಿಗ್ರಿ ಬಿಸಿಗೂ ಗಟ್ಟಿತನ ಬಿಟ್ಟುಕೊಡುವುದಿಲ್ಲ, ಕಬ್ಬಿಣ ಕೊಯ್ಯುವಾಗ ಏರುವ ಬಿಸಿಗೆಂದೇ ಮಾಡಿದ ಉಕ್ಕು ಅದು. ಹಾಗಾಗಿ ಗ್ರೈಂಡರಿನಲ್ಲಿ ಮೂತಿ ಮಾಡಿ, ಕಲ್ಲಿನಲ್ಲಿ ಅಂಚು ತೆಗೆಯಬಹುದು. ದಪ್ಪ ಇರುವುದರಿಂದ ಕೈಗೆ ಹಿಡಿತ ಸಿಗುತ್ತದೆ, ಬಳುಕುವುದಿಲ್ಲ, ಮೊನೆ ಹೋದರೆ ಮತ್ತೆ ಮಾಡಿಕೊಳ್ಳಲು ಮೈ ಇದೆ. ಮಸೆಯುವುದರಲ್ಲಿ ನಿಮಗೆ ಖುಷಿ ಇದ್ದರೆ ಇಂಥದ್ದೊಂದು ಮಾಡಿಸಿಕೊಳ್ಳಿ. ಸನ್ಮೈಕಾ, ಚರ್ಮ, ದಪ್ಪ ರೆಕ್ಸಿನ್ ಎಲ್ಲಕ್ಕೂ ಆಗುತ್ತದೆ. ಗ್ರೈಂಡರ್ ಕೆಲಸಕ್ಕೆ ಕನ್ನಡಕ ಕಡ್ಡಾಯ. ಕೈಯಲ್ಲಿ ಕೊಯ್ಯುವ ಹ್ಯಾಕ್ಸಾ ಬ್ಲೇಡ್‌ಗಳಲ್ಲಿ ಹಲ್ಲು ಮಾತ್ರ ಗಟ್ಟಿ ಉಕ್ಕು, ಬೆನ್ನು ಮೆತ್ತಗಿನ ಉಕ್ಕು ಇರುವ ಜಾತಿಯೂ ಇದೆ. ಅದರ ಬೆನ್ನಿಗೆ ಅಂಚು ತೆಗೆದರೆ ನಿಲ್ಲುವುದಿಲ್ಲ.

ತುಕ್ಕು

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಮೊಂಡಿಗಿಂತ ದೊಡ್ಡ ತಲೆನೋವು ಇದು. ಇಂಗಾಲ ಜಾಸ್ತಿ ಇರುವ ಉಕ್ಕಿಗೆ ಮಳೆಗಾಲದ ಗಾಳಿಯೇ ಸಾಕು. ಹೊಸ ಬ್ಲೇಡಿನ ಮೇಲೆ ಇರುವ ಎಣ್ಣೆಯ ಪಸೆಯನ್ನು ಕೊಂಡ ದಿನವೇ ಎಲ್ಲದರಿಂದ ಒರೆಸಬೇಡಿ, ಬಳಸುವ ಒಂದನ್ನು ಮಾತ್ರ ಒರೆಸಿ. ಉಳಿದವು ಅವುಗಳ ಪ್ಲಾಸ್ಟಿಕ್ ಡಬ್ಬದಲ್ಲೇ ಇರಲಿ, ಜೊತೆಗೆ ಔಷಧಿ ಡಬ್ಬದಲ್ಲೋ ಶೂ ಡಬ್ಬದಲ್ಲೋ ಬಂದ ಸಿಲಿಕಾ ಜೆಲ್ ಪೊಟ್ಟಣ ಒಂದು ಹಾಕಿ. ಮೈಮೇಲಿನ ತುಕ್ಕು ನಯವಾದ ವಾಟರ್ ಪೇಪರಿಗೆ ಹೋಗುತ್ತದೆ. ಅಂಚಿನಲ್ಲೇ ತುಕ್ಕು ಕೂತಿದ್ದರೆ ಅಲ್ಲಿ ಗುಳಿ ಬಿದ್ದಿರುತ್ತದೆ, ಆ ತುಂಡು ಮುರಿಯಿರಿ. ಗೆರೆಯ ಮೇಲೆ ತುಕ್ಕು ಹಿಡಿದ ಬ್ಲೇಡ್ ಕತ್ತರಿಸುವಾಗಲೇ ಮುರಿಯಬಹುದು, ಅದನ್ನು ಪೂರ್ತಿ ಬಿಡುವುದೇ ಲೇಸು.

ಮುರಿದ ತುಂಡು ಎಲ್ಲಿಗೆ?

ಕಸದ ಚೀಲಕ್ಕೆ ಸುಮ್ನೆ ಹಾಕಬೇಡಿ. ಆ ಚೀಲವನ್ನು ಬರಿಗೈಯಲ್ಲಿ ಬಿಚ್ಚಿ ವಿಂಗಡಿಸುವವರು ಇದ್ದಾರೆ. ಒಣಕಸ ಅಂತ ಕೊಟ್ಟರೂ ಕೊನೆಗೆ ಒಬ್ಬರ ಕೈ ಅದರೊಳಗೆ ಹೋಗುತ್ತದೆ.

ಬಿಗಿ ಮುಚ್ಚಳದ ಒಂದು ತಗಡಿನ ಡಬ್ಬ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಬ್ಲೇಡ್ ತೂರುವಷ್ಟು ಸೀಳು ಮಾಡಿ, ಮುಚ್ಚಳವನ್ನು ಟೇಪಿನಲ್ಲಿ ಸುತ್ತಿಬಿಡಿ. ತುಂಡುಗಳು ಒಳಗೆ ಹೋಗುತ್ತವೆ, ಹೊರಗೆ ಬರುವುದಿಲ್ಲ. ಕ್ಷೌರದ ಬ್ಲೇಡ್, ಮುರಿದ ಸೂಜಿ, ಗುಂಡುಪಿನ್ನು ಎಲ್ಲಕ್ಕೂ ಅದೇ ಡಬ್ಬ ಆಗುತ್ತದೆ. ಮನೆಯ ಬಳಕೆಗೆ ಅದು ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೂ ಟೇಪ್ ಹಚ್ಚಿ, ಮೇಲೆ ದೊಡ್ಡದಾಗಿ "ಒಳಗೆ ಬ್ಲೇಡ್ ಇದೆ, ಬಿಚ್ಚಬೇಡಿ" ಎಂದು ಬರೆಯಿರಿ. ಬೇರೆ ಕಸದ ಜೊತೆ ಸೇರಿಸದೆ, ಕಸದ ಗಾಡಿಯವರ ಕೈಗೇ ಕೊಟ್ಟು ಬಾಯಲ್ಲೂ ಹೇಳಿ. ಗುಜರಿಯವರು ತಗಡಿನ ಜೊತೆ ತೆಗೆದುಕೊಳ್ಳುವುದಾದರೆ ಇನ್ನೂ ಒಳ್ಳೆಯದು, ಉಕ್ಕು ಮತ್ತೆ ಉಕ್ಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಬೆರಳು ಕೊಯ್ದುಕೊಂಡರೆ ಹರಿಯುವ ನೀರಲ್ಲಿ ತೊಳೆದು, ಶುಭ್ರ ಬಟ್ಟೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿ. ಹತ್ತು ನಿಮಿಷ ಮಧ್ಯದಲ್ಲಿ ಬಿಚ್ಚಿ ನೋಡಬೇಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ, ಗಾಯ ತೊಳೆಯುವುದು ಡಾಕ್ಟರಿಗೆ ಕಷ್ಟವಾಗುತ್ತದೆ. ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಅಥವಾ ನೀಡಲು ಆಗದಿದ್ದರೆ, ತುದಿ ಜೋಮು ಹಿಡಿದಂತಿದ್ದರೆ ಆಸ್ಪತ್ರೆಗೆ ಹೋಗಿ. ಸ್ನಾಯುವಿನ ಎಳೆಯೋ ನರವೋ ಕತ್ತರಿಸಿರಬಹುದು. ಕೊನೆಯ ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡದ್ದು ಎಂದು ಅವರು ಕೇಳುತ್ತಾರೆ. ಕೊಳಕು ಬ್ಲೇಡಿನ ಗಾಯವಾಗಿದ್ದು ಐದು ವರ್ಷ ದಾಟಿದ್ದರೆ ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ. ತೆಗೆದುಕೊಂಡ ವರ್ಷ ನೆನಪಿರುವುದಿಲ್ಲ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ.